ಡ್ರಮ್ ಶೆಲ್ಲಿಗೆ ಮನೆಯಲ್ಲೇ ವೆನೀರ್: ಯಾವ ಹಾಳೆಗೆ ಯಾವ ಅಂಟು?

ನಾನು ಮೊದಲ ಸಲ ಡ್ರಮ್ಮಿನ ಶೆಲ್ಲಿಗೆ, ಅಂದರೆ ಅದರ ಮರದ ಸಿಲಿಂಡರಿಗೆ, ವೆನೀರ್ (ತೆಳು ಮರದ ಹಾಳೆ) ಹಚ್ಚಿದ್ದು ಕಿಟ್ಟಿನ ಗಿಡ್ಡ ಡ್ರಮ್ ಆದ 14 ಇಂಚಿನ ಒಂದು ಸ್ನೇರ್‌ಗೆ. ಬೆನ್ನಿಗೆ ಏನೂ ಇಲ್ಲದ ಬರೀ ಮರದ ಹಾಳೆ, ರಬ್ಬರ್ ಅಂಟು, ಮೇಲೆ ಲ್ಯಾಕರ್ ಸ್ಪ್ರೇ. ಕೆಲಸ ಮುಗಿದ ದಿನ ನೋಡಿದವರೆಲ್ಲ ಹೊಗಳಿದರು. ಮೂರನೇ ವಾರಕ್ಕೆ, ಡ್ರಮ್ಮಿನ ಬಡಿಯುವ ಪೊರೆಯನ್ನು (ಹೆಡ್) ಬಿಗಿಸುವ ಸ್ಕ್ರೂಗಳು ಕೂರುವ ಎರಡು ಲಗ್‌ಗಳ ನಡುವೆ ಉಗುರಿನಷ್ಟಗಲದ ಗುಳ್ಳೆ ಎದ್ದಿತು. ಬೆರಳಿಂದ ಒತ್ತಿದರೆ ಟಿಕ್ ಎಂದು ಒಳಗೆ ಹೋಗುತ್ತಿತ್ತು, ಬೆರಳು ತೆಗೆದರೆ ಮತ್ತೆ ಮೇಲೆ. ಹಾಳೆ ಒಳ್ಳೆಯದೇ, ಅಂಟೂ ಕೆಟ್ಟದ್ದಲ್ಲ, ಲ್ಯಾಕರ್‌ಗೂ ದೋಷವಿರಲಿಲ್ಲ. ಆದರೆ ಆ ಮೂರೂ ಒಂದೇ ಮನೆಯಲ್ಲಿ ಬಾಳುವಂಥವಲ್ಲ. ಲ್ಯಾಕರ್‌ನಲ್ಲಿದ್ದ ತಿನ್ನರ್ ಮರದ ಸಣ್ಣ ರಂಧ್ರಗಳಲ್ಲಿ ಇಳಿದು, ಕೆಳಗಿದ್ದ ರಬ್ಬರ್ ಅಂಟನ್ನು ಮೆತ್ತಗೆ ಮಾಡಿಬಿಟ್ಟಿತ್ತು.

ಆಮೇಲೆ ಹಚ್ಚಿದ ಶೆಲ್ಲುಗಳಲ್ಲಿ ನಾನು ಹಾಳೆಯನ್ನು ಒಮ್ಮೆ, ಅಂಟನ್ನು ಇನ್ನೊಮ್ಮೆ, ಪಾಲಿಶ್ ಅನ್ನು ಮತ್ತೊಮ್ಮೆ ಎಂದು ಆರಿಸಿಲ್ಲ. ಮೂರನ್ನೂ ಒಟ್ಟಿಗೆ ಇಟ್ಟು ನೋಡುತ್ತೇನೆ. ಮುಂದಿನ ಹೋಲಿಕೆಯೂ ಅದೇ ರೀತಿಯದ್ದು.

ಮೊದಲು, ಜಾಗ ಇದೆಯೇ?

14 ಇಂಚಿನ ಶೆಲ್ ಅಂದರೆ ಸರಿಯಾಗಿ 14 ಇಂಚು ಇರುವುದಿಲ್ಲ. ಹೆಡ್‌ನ ಬಳೆ ಸಲೀಸಾಗಿ ಇಳಿಯಲೆಂದು ಹೊರವ್ಯಾಸವನ್ನು ಕೊಂಚ ಕಡಿಮೆ ಇಟ್ಟಿರುತ್ತಾರೆ. ನೀವು ಹಚ್ಚುವ ವೆನೀರ್ ತಿನ್ನುವುದು ಆ ಜಾಗವನ್ನೇ. ಹಾಳೆ 0.6 ಮಿಮೀ, ಅಂಟು ಸೇರಿ 0.7 ಅಂದುಕೊಂಡರೂ ಎರಡೂ ಬದಿ ಸೇರಿ ವ್ಯಾಸ 1.4 ಮಿಮೀ ಹೆಚ್ಚುತ್ತದೆ. ಮರದ ಮೇಲೆ ಮರವೇ ಅಂಟಿಸಿದ ಎರಡು ಪದರದ ಹಾಳೆಯಾದರೆ 2 ಮಿಮೀ ದಾಟುವುದೂ ಉಂಟು. ಕೆಲವು ಶೆಲ್ಲುಗಳು ಇದನ್ನು ತಡೆಯುತ್ತವೆ, ಕೆಲವು ತಡೆಯುವುದಿಲ್ಲ.

ಲೆಕ್ಕಕ್ಕಿಂತ ಪರೀಕ್ಷೆ ಸುಲಭ. ವೆನೀರ್‌ನ ಒಂದೊಂದು ಬೆರಳಗಲದ ತುಂಡುಗಳನ್ನು ಶೆಲ್ಲಿನ ಅಂಚಿನ ಬಳಿ ಎಂಟು ಕಡೆ ಟೇಪಿನಿಂದ ಅಂಟಿಸಿ, ಹೊಸ ಹೆಡ್ ಇಟ್ಟು ತಿರುಗಿಸಿ. ಸಡಿಲವಾಗಿ ತಿರುಗಿದರೆ ಸರಿ. ಎಲ್ಲಾದರೂ ಹಿಡಿದರೆ ತೆಳು ಹಾಳೆಗೆ ಹೋಗಿ, ಇಲ್ಲವೇ ವೆನೀರ್ ಆಸೆ ಬಿಟ್ಟು ಬಣ್ಣ ಹಚ್ಚಿ. ಬಿಗಿಯಾಗಿ ಕೂತ ಹೆಡ್ ಯಾವತ್ತೂ ಸರಿಯಾಗಿ ಟ್ಯೂನ್ ಆಗುವುದಿಲ್ಲ.

ಈಗಾಗಲೇ ಪ್ಲಾಸ್ಟಿಕ್ ಹೊದಿಕೆ ಇರುವ ಡ್ರಮ್ ಆದರೆ ಅದನ್ನು ಕಿತ್ತ ಮೇಲೆ ಅಷ್ಟು ಜಾಗ ವಾಪಸ್ ಸಿಗುತ್ತದೆ, ಹಾಗಾಗಿ ಈ ಚಿಂತೆ ಕಡಿಮೆ. ಹೀಟ್ ಗನ್ನಿನಿಂದ ಅಂಚು ಬಿಸಿಮಾಡಿ ನಿಧಾನವಾಗಿ ಬಿಡಿಸಬಹುದು. ಒಂದು ಎಚ್ಚರಿಕೆ: ಕಳೆದ ಶತಮಾನದ ಮಧ್ಯದವರೆಗಿನ ಹಳೆಯ ಡ್ರಮ್‌ಗಳ ಮುತ್ತಿನ ಹೊಳಪಿನ ಹೊದಿಕೆಗಳಲ್ಲಿ ಬಹಳಷ್ಟು ಸೆಲ್ಯುಲಾಯ್ಡ್. ಅದಕ್ಕೆ ಬೆಂಕಿ ಹೊತ್ತಿಕೊಂಡರೆ ಆರಿಸುವುದು ಕಷ್ಟ, ಹೀಟ್ ಗನ್ ಅದರ ಹತ್ತಿರ ತರಲೇಬೇಡಿ. ಅಷ್ಟು ಹಳೆಯ ಡ್ರಮ್ ಮೂಲ ಹೊದಿಕೆಯೊಂದಿಗೇ ಇದ್ದರೆ ಹಾಗೇ ಇರಲಿ ಎಂಬುದು ನನ್ನ ಮಾತು.

ವೆನೀರ್ ಹಚ್ಚಿದರೆ ಧ್ವನಿ ಬದಲಾಗುತ್ತದೆಯೇ ಎಂದು ಪ್ರತಿಯೊಬ್ಬರೂ ಕೇಳುತ್ತಾರೆ. ಆರೇಳು ಮಿಮೀ ದಪ್ಪದ ಶೆಲ್ಲಿನ ಮೇಲೆ ಅರ್ಧ ಮಿಮೀ ಮರ ಬಂದರೆ ನನ್ನ ಕಿವಿಗೆ ವ್ಯತ್ಯಾಸ ಕೇಳಿಸಿಲ್ಲ. ಹೆಡ್ ಬದಲಿಸಿದರೆ ಮಾತ್ರ ಯಾರಿಗಾದರೂ ಕೇಳಿಸುತ್ತದೆ.

ಹಾಳೆಗಳು

ಬರೀ ಮರದ ಹಾಳೆ ಸಾಮಾನ್ಯವಾಗಿ 0.5–0.6 ಮಿಮೀ ದಪ್ಪ. ಅಗಲ ಮರದ ದಿಮ್ಮಿಯ ಮೇಲೆ ಹೋಗುತ್ತದೆ, ಹೆಚ್ಚಾಗಿ ಒಂದು ಗೇಣು, ಹೆಚ್ಚೆಂದರೆ ಒಂದೂವರೆ. ಸ್ನೇರ್‌ಗೆ ಸಾಕು, ಬಾಸ್ ಡ್ರಮ್ಮಿಗೆ ಎರಡು ಮೂರು ಹಾಳೆ ಜೋಡಿಸಬೇಕು. ಅಪರೂಪದ ಗಂಟುಮರದ ಸುಳಿಗಳು ಬೇಕೆಂದರೆ ಹೆಚ್ಚಿನ ಆಯ್ಕೆ ಸಿಗುವುದು ಇದರಲ್ಲೇ. ಆದರೆ ಆ ಸುಳಿಯ ಹಾಳೆ ಹಪ್ಪಳದ ಹಾಗೆ ಅಲೆಅಲೆಯಾಗಿ ಬರುತ್ತದೆ. ನೀರು, ಗ್ಲಿಸರಿನ್, ಸ್ವಲ್ಪ ಆಲ್ಕೋಹಾಲ್ ಬೆರೆಸಿ ಎರಡೂ ಬದಿ ಸಿಂಪಡಿಸಿ, ಮುದ್ರಣವಿಲ್ಲದ ಕಾಗದಗಳ ನಡುವೆ ಇಟ್ಟು, ಭಾರ ಹೇರಿ, ಕಾಗದ ಬದಲಿಸುತ್ತಾ ಒಂದೆರಡು ದಿನ ಬಿಟ್ಟರೆ ಮಾತು ಕೇಳುತ್ತದೆ. ಈ ತಾಳ್ಮೆ ಇಲ್ಲದವರು ಗಂಟುಮರದ ಕಡೆ ಹೋಗಬಾರದು.

ಕಾಗದದ ಬೆನ್ನಿರುವ ಹಾಳೆ ಮನೆಗೆಲಸಕ್ಕೆ ನನ್ನ ಮೊದಲ ಆಯ್ಕೆ. ಕಾರ್ಖಾನೆಯಲ್ಲೇ ಮರದ ಹಿಂದೆ ಕಾಗದ ಒತ್ತಿ, ನಯವಾಗಿ ಉಜ್ಜಿ ಕಳಿಸಿರುತ್ತಾರೆ. ಸುಲಭವಾಗಿ ಸೀಳುವುದಿಲ್ಲ, ಮಡಚಿಕೊಳ್ಳುವುದಿಲ್ಲ, 1220 × 2440 ಮಿಮೀ ಅಳತೆಯ ಒಂದೇ ಹಾಳೆಯಾಗಿ ಸಿಗುತ್ತದೆ. ಕಾಗದ 0.25 ಮಿಮೀ ಮತ್ತು 0.5 ಮಿಮೀ ಎಂಬ ಎರಡು ದಪ್ಪದಲ್ಲಿ ಹೆಚ್ಚು ಬಳಕೆಯಲ್ಲಿದೆ. ಶೆಲ್ಲಿಗೆ ತೆಳುವಾದದ್ದೇ ಸಾಕು. ಇದರ ದೋಷ ಒಂದೇ, ಮೇಲಿನ ಮರ ಬಹಳ ತೆಳು. 180ರ ಉಪ್ಪುಕಾಗದದಲ್ಲಿ ಜೋರಾಗಿ ನಾಲ್ಕು ಸಲ ಉಜ್ಜಿದರೆ ಅಂಚಿನಲ್ಲಿ ಕಾಗದದ ಕಂದು ಬಣ್ಣ ಹಣಕಿ ನೋಡುತ್ತದೆ. ಅದನ್ನು ಮುಚ್ಚುವ ವಿದ್ಯೆ ಯಾರಿಗೂ ಇಲ್ಲ.

ಎರಡು ಪದರದ ಮರದ ಹಾಳೆ ಟೇಬಲ್ಲಿಗೆ ಚೆನ್ನ, ಶೆಲ್ಲಿಗೆ ದಪ್ಪವಾಯಿತು. 10 ಇಂಚಿನ ಟಾಮ್‌ನಂಥ ಸಣ್ಣ ಡ್ರಮ್ಮಿನ ಸುತ್ತಳತೆಗೆ ಬಾಗಿಸುವಾಗ ತುದಿಗಳು ನೆಟ್ಟಗೆ ನಿಲ್ಲಲು ನೋಡುತ್ತವೆ, ಜೋಡಣೆಯ ಜಾಗದಲ್ಲಿ ಸದಾ ಎಳೆತ. ಸಿಪ್ಪೆ ಸುಲಿದು ಅಂಟಿಸುವ ಸ್ಟಿಕ್ಕರ್ ಬಗೆಯದಂತೂ ಬೇಡವೇ ಬೇಡ. ಸಮತಟ್ಟಾದ ಕಪಾಟಿನ ಬಾಗಿಲಿಗೆ ಅದು ನಿಂತೀತು. ದಿನಾ ಏಟು ತಿಂದು ನಡುಗುವ, ಎರಡು ತುದಿಯೂ ಬಿಚ್ಚಿಕೊಳ್ಳಲು ಕಾಯುವ ಸಿಲಿಂಡರಿಗೆ ಅಲ್ಲ.

ಎಳೆ ಯಾವ ಕಡೆ?

ಅಂಗಡಿಯಲ್ಲಿ ಹಾಳೆ ಆರಿಸುವಾಗ ಯಾರೂ ಕೇಳದ ಪ್ರಶ್ನೆ ಇದು. ಕೆಲಸ ಕೆಡುವುದೂ ಹೆಚ್ಚಾಗಿ ಇಲ್ಲಿಯೇ.

ಮರದ ಎಳೆ ಶೆಲ್ಲನ್ನು ಬಳಸಿ ಸುತ್ತಿಕೊಳ್ಳಬಹುದು, ಇಲ್ಲವೇ ಮೇಲಿಂದ ಕೆಳಕ್ಕೆ ನೆಟ್ಟಗೆ ನಿಲ್ಲಬಹುದು. ಸುತ್ತೆಳೆ, ನೆಟ್ಟೆಳೆ ಎಂದು ಕರೆಯೋಣ. ನೆಟ್ಟೆಳೆಯ ಹಾಳೆ ಚಾಪೆಯಂತೆ ಸುಲಭವಾಗಿ ಸುರುಳಿಯಾಗುತ್ತದೆ, ಜೋಡಣೆಯ ಗೆರೆ ಎಳೆಗಳ ಜೊತೆಗೇ ಓಡುವುದರಿಂದ ಕಣ್ಣಿಗೆ ಬೀಳುವುದೂ ಇಲ್ಲ. ಕೇಳಲು ಚೆನ್ನಾಗಿದೆ. ಆದರೆ ಮರ ತೇವಕ್ಕೆ ಹಿಗ್ಗುವುದು, ಒಣಗಿದಾಗ ಕುಗ್ಗುವುದು ಎಳೆಯ ಅಡ್ಡಕ್ಕೆ. ಎಳೆಯ ಉದ್ದಕ್ಕೆ ಅದು ಹೆಚ್ಚುಕಡಿಮೆ ಅಲುಗುವುದೇ ಇಲ್ಲ. ನೆಟ್ಟೆಳೆಯಲ್ಲಿ ಆ ಅಡ್ಡದಿಕ್ಕು ಅಂದರೆ ಶೆಲ್ಲಿನ ಪೂರ್ತಿ ಸುತ್ತಳತೆ, 14 ಇಂಚಿಗೆ ಸುಮಾರು 1117 ಮಿಮೀ. ಅಷ್ಟುದ್ದದ ಕುಗ್ಗುವಿಕೆ ಬಂದು ಸೇರುವುದು ಒಂದೇ ಗೆರೆಯಲ್ಲಿ. ಅಂಟು ಬಿಗಿಯಾಗಿ ಹಿಡಿದಿದ್ದರೆ ತೊಂದರೆಯಿಲ್ಲ. ಸ್ವಲ್ಪ ಜಾರುವ ಅಂಟಾದರೆ ಒಣಹವೆಯಲ್ಲಿ ಆ ಗೆರೆ ಕೂದಲೆಳೆಯಷ್ಟು ಬಾಯಿಬಿಡುತ್ತದೆ.

ಸುತ್ತೆಳೆಯಲ್ಲಿ ಇದು ಉಲ್ಟಾ. ಕುಗ್ಗುವಿಕೆ ಶೆಲ್ಲಿನ ಆಳದ ದಿಕ್ಕಿನಲ್ಲಿ. ಅಲ್ಲಿ ಜೋಡಣೆ ಇಲ್ಲ, ಎರಡೂ ಅಂಚು ಹೆಡ್ ಅನ್ನು ಒತ್ತಿಹಿಡಿಯುವ ಬಳೆಯಾದ ಹೂಪ್‌ನ ಕೆಳಗೆ ಮರೆ. ಜೋಡಣೆ ಬಿಚ್ಚುವ ಭಯ ಕಡಿಮೆ. ಆದರೆ ಗೆರೆ ಎಳೆಗಳನ್ನು ಅಡ್ಡ ಕತ್ತರಿಸಿರುವುದರಿಂದ ಎದ್ದು ಕಾಣುತ್ತದೆ. ಒಂದು ಕಡೆಯಿಂದ ಬಂದ ಎಳೆ ಆಚೆ ಕಡೆ ಬೇರೇನೋ ಆಗಿರುತ್ತದೆ. ಅದಕ್ಕೇ ಗೆರೆಯನ್ನು ಲಗ್‌ಗಳ ಸಾಲಿನ ಕೆಳಗೆ, ವಾದಕನ ಕಡೆಗೆ ಇಟ್ಟುಕೊಳ್ಳುವುದು.

ಹಾಳೆಯ ಲೆಕ್ಕವನ್ನೂ ಇದರ ಜೊತೆಗೇ ಹಾಕಿ. 22 ಇಂಚಿನ ಬಾಸ್ ಡ್ರಮ್ಮಿನ ಸುತ್ತಳತೆ ಸುಮಾರು 1756 ಮಿಮೀ, 16 ಇಂಚಿನ ಫ್ಲೋರ್ ಟಾಮ್‌ನದು 1277. ಎಳೆ 2440ರ ಉದ್ದಕ್ಕೆ ಓಡುವ ಹಾಳೆಯಲ್ಲಿ ನೆಟ್ಟೆಳೆ ಬೇಕೆಂದರೆ ನಿಮಗೆ ಸಿಗುವ ಅಡ್ಡಗಲ 1220 ಮಾತ್ರ. ಸ್ನೇರ್, ಸಣ್ಣ ಟಾಮ್‌ಗಳು ಒಂದೇ ತುಂಡಿನಲ್ಲಿ ಮುಗಿದಾವು. ಫ್ಲೋರ್ ಟಾಮ್‌ಗೂ ಬಾಸ್‌ಗೂ ತಲಾ ಎರಡು ತುಂಡು, ಎರಡು ಜೋಡಣೆ. ಅದೇ ಸುತ್ತೆಳೆಯಲ್ಲಿ, 22 × 18ರ (ವ್ಯಾಸ × ಆಳ, ಇಂಚಿನಲ್ಲಿ) ಬಾಸ್‌ಗೆ 470 ಮಿಮೀ ಅಗಲದ ಪಟ್ಟಿ, ಅದರ ಪಕ್ಕ 16 × 16ಕ್ಕೆ 420ರದು, ಫ್ಲೋರ್ ಟಾಮ್‌ನ ಪಟ್ಟಿಯಲ್ಲಿ ಉಳಿದ ಉದ್ದದಲ್ಲೇ ಅಕ್ಕಪಕ್ಕ 12 × 8 ಮತ್ತು 10 × 7ರ ಎರಡೂ ಟಾಮ್, ಕೊನೆಯ 330 ಮಿಮೀಯಲ್ಲಿ ಸ್ನೇರ್. ಐದು ಡ್ರಮ್ಮಿನ ಇಡೀ ಕಿಟ್ ಒಂದೇ ಹಾಳೆಯಲ್ಲಿ, ಎಲ್ಲ ಒಂದೇ ಮರದ ಬಣ್ಣದಲ್ಲಿ. ಪೂರ್ತಿ ಕಿಟ್ ಮಾಡುವವರಿಗೆ ನಾನು ಸುತ್ತೆಳೆಯನ್ನೇ ಹೇಳುವುದು ಇದಕ್ಕೆ. ಒಂದೇ ಒಂದು ಸ್ನೇರ್ ಮಾಡುವವರು ನೆಟ್ಟೆಳೆಯ ಚೆಂದಕ್ಕೆ ಮನಸೋತರೆ ತಪ್ಪಿಲ್ಲ.

ಅಂಟುಗಳು

ರಬ್ಬರ್ ಅಂಟು, ಅಂದರೆ ಕಾಂಟ್ಯಾಕ್ಟ್ ಸಿಮೆಂಟ್, ಎಲ್ಲರೂ ಮೊದಲು ಕೈಹಾಕುವ ಡಬ್ಬಿ. ಕ್ಲ್ಯಾಂಪ್ ಬೇಡ, ಕಾಯುವುದು ಬೇಡ, ಮುಟ್ಟಿದ ಕ್ಷಣ ಹಿಡಿಯುತ್ತದೆ. ಶೆಲ್ಲಿಗೆ ಎರಡು ಕೋಟ್, ಹಾಳೆಯ ಬೆನ್ನಿಗೆ ಒಂದು. ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ಕಾಗದದ ತುಂಡು ಮುಟ್ಟಿಸಿದಾಗ ಅಂಟದಿದ್ದರೆ ಹದ. ಅದಕ್ಕೂ ಮೊದಲೇ ಒತ್ತಿದರೆ ತಿನ್ನರ್ ಒಳಗೆ ಸಿಕ್ಕಿಬಿದ್ದು ನಾಳೆ ಗುಳ್ಳೆಯಾಗುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬುದಕ್ಕೆ ಈ ಡಬ್ಬಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಆವಿಗೆ ಬೆಂಕಿ ಹತ್ತುತ್ತದೆ, ತಲೆಯೂ ತಿರುಗುತ್ತದೆ. ಕಿಟಕಿ ಬಾಗಿಲು ತೆರೆದಿರಲಿ, ಹತ್ತಿರ ಒಲೆ ಉರಿಯದಿರಲಿ.

ದೊಡ್ಡ ತೊಡಕು ಬೇರೆ. ಎರಡನೇ ಅವಕಾಶವೇ ಇಲ್ಲ. 14 ಇಂಚಿನ ಶೆಲ್ಲಿನ ಒಂದು ತುದಿಯಿಂದ ಸುತ್ತಲು ಶುರುಮಾಡಿ, ಆರಂಭದಲ್ಲಿ ಒಂದೇ ಒಂದು ಡಿಗ್ರಿ ಓರೆಯಾದರೂ ಸುತ್ತು ಮುಗಿಸುವಾಗ ಹಾಳೆ ಸುಮಾರು 19 ಮಿಮೀ ಪಕ್ಕಕ್ಕೆ ಜಾರಿರುತ್ತದೆ. ಮೇಲೆ ಕೆಳಗೆ ನೀವು ಹೆಚ್ಚಿಗೆ ಬಿಟ್ಟದ್ದು ತಲಾ 6 ಮಿಮೀ. ಒಂದು ಕಡೆ ಶೆಲ್ ಬೆತ್ತಲೆ! ಅದಕ್ಕೆ ತುದಿಯಿಂದ ಅಲ್ಲ, ಜೋಡಣೆಗೆ ಎದುರುಬದಿಯ ನಡುಗೆರೆಯಿಂದ ಶುರುಮಾಡಿ ಎರಡೂ ಕಡೆಗೆ ಹೋಗಬೇಕು, ಓರೆ ಅರ್ಧಕ್ಕಿಳಿಯುತ್ತದೆ. ಶೆಲ್ಲಿನ ಮೇಲೆ ಮೂಲೆಮಟ್ಟದಿಂದ ಒಂದು ನೆಟ್ಟ ಗೆರೆ, ಹಾಳೆಯ ಬೆನ್ನಿಗೆ ಇನ್ನೊಂದು. ನಡುವೆ ಮೇಣದ ಕಾಗದ ಹಾಸಿಟ್ಟು, ಎರಡು ಗೆರೆಗಳೂ ಕೂಡಿದ ಮೇಲೆ ಕಾಗದವನ್ನು ಸ್ವಲ್ಪ ಸ್ವಲ್ಪವೇ ಎಳೆಯುತ್ತಾ ಒತ್ತುವುದು. ಕೈಯಲ್ಲಿ ಒತ್ತಿದರೆ ಸಾಲದು, ರಬ್ಬರ್ ರೋಲರ್ ಕೂಡ ಅಷ್ಟಕ್ಕಷ್ಟೇ. ಅಂಚು ಗುಂಡಗೆ ಉಜ್ಜಿದ ಮರದ ತುಂಡಿನಿಂದ, ಎಳೆಯ ದಿಕ್ಕಿನಲ್ಲಿ, ಮೈಭಾರ ಬಿಟ್ಟು ತೀಡಬೇಕು.

ಈ ಅಂಟು ಕಾಗದದ ಬೆನ್ನಿನ ಹಾಳೆಗೆ ಮಾತ್ರ. ಬರೀ ಮರದ ಹಾಳೆಗೆ ಇದು ಬೇಡವೆಂಬುದಕ್ಕೆ ಕಾರಣ ಮೇಲೆಯೇ ಹೇಳಿದೆ. ಅಂಟು ಒಣಗಿದ ಮೇಲೂ ರಬ್ಬರಿನ ಹಾಗೇ ಇದ್ದು, ಹಾಳೆ ಹಿಗ್ಗಿದರೆ ತಾನೂ ಜಾರುತ್ತದೆ. ನೆಟ್ಟೆಳೆಯ ಜೋಡಣೆಗೆ ಇದು ಶತ್ರು.

ಮರಗೆಲಸದ ಬಿಳಿ ಅಥವಾ ಹಳದಿ ಅಂಟು ಮತ್ತು ಇಸ್ತ್ರಿ ಪೆಟ್ಟಿಗೆ. ಸ್ನೇರ್‌ಗೂ ಟಾಮ್‌ಗಳಿಗೂ ನನ್ನ ಮತ ಇದಕ್ಕೆ. ಈ ಅಂಟು, ಅಂದರೆ ಪಿವಿಎ, ಒಣಗಿದ ಮೇಲೂ ಬಿಸಿಗೆ ಕರಗಿ, ತಣ್ಣಗಾದಾಗ ಮತ್ತೆ ಹಿಡಿಯುವ ಗುಣವೇ ಇಲ್ಲಿನ ಬಂಡವಾಳ. ಶೆಲ್ಲಿಗೂ ಹಾಳೆಗೂ ತೆಳುವಾಗಿ, ಸಮನಾಗಿ ಹಚ್ಚಿ. ಬಿಳಿ ಹೋಗಿ ಪಾರದರ್ಶಕವಾಗಿ, ಬೆರಳಿಗೆ ಅಂಟದಷ್ಟು ಒಣಗಲಿ. ಬರೀ ಮರದ ಹಾಳೆಯಾದರೆ ಅಂಟಿನ ನೀರಿಗೆ ಹಾಳೆ ಸುರುಳಿಯಾಗುತ್ತದೆ; ಮೇಲ್ಮೈಗೂ ಅಷ್ಟೇ ನೀರು ಸಿಂಪಡಿಸಿದರೆ ಸಮಕ್ಕೆ ಬರುತ್ತದೆ. ಆಮೇಲೆ ಹಾಳೆಯನ್ನು ಶೆಲ್ಲಿಗೆ ಸುತ್ತಿ, ಮೇಲೆ ಒಂದು ಕಾಗದವಿಟ್ಟು, ಉಗಿ ಬಂದ್ ಮಾಡಿದ ಇಸ್ತ್ರಿ ಪೆಟ್ಟಿಗೆಯನ್ನು ಹತ್ತಿಬಟ್ಟೆಯ ಬಿಸಿಯಲ್ಲಿಟ್ಟು ನಿಧಾನವಾಗಿ ಸರಿಸುವುದು. ಪೆಟ್ಟಿಗೆ ಮುಂದೆ ಹೋದ ಹಾಗೆ ಹಿಂದಿನಿಂದ ಮರದ ತುಂಡಿನಿಂದ ಒತ್ತಿಕೊಂಡು ಬನ್ನಿ. ಅಂಟು ಹಿಡಿಯುವುದು ತಣಿಯುವಾಗಲೇ ಹೊರತು ಬಿಸಿಯಿರುವಾಗಲ್ಲ.

ಓರೆಯಾಯಿತೇ? ಬಿಸಿಮಾಡಿ ಬಿಡಿಸಿ. ಗುಳ್ಳೆಯೇ? ಬೆರಳಿಂದ ತಟ್ಟುತ್ತಾ ಹೋಗಿ, ಟೊಳ್ಳು ಸದ್ದು ಬಂದಲ್ಲಿ ಮತ್ತೆ ಇಸ್ತ್ರಿ. ಆರು ತಿಂಗಳ ನಂತರ ಎದ್ದ ಗುಳ್ಳೆಯನ್ನೂ ನಾನು ಹೀಗೆ ಕೂರಿಸಿದ್ದೇನೆ. ರಬ್ಬರ್ ಅಂಟಿನಲ್ಲಿ ಅದು ಆಗದ ಮಾತು.

ಇದಕ್ಕೂ ಬೆಲೆ ತೆರಬೇಕು. ಬಿಸಿಗೆ ಹಾಳೆ ಒಣಗಿ ಕುಗ್ಗುತ್ತದೆ, ಹಾಗಾಗಿ ಮೊದಲೇ ಅಳತೆಗೆ ಕತ್ತರಿಸಿ ತುದಿಗೆ ತುದಿ ಇಟ್ಟರೆ ನಡುವೆ ಸಂದು ಖಂಡಿತ. ಶೆಲ್ಲಿನ ಮೇಲೆ ಹಳೆಯ ಬಣ್ಣ, ವಾರ್ನಿಷ್, ಹೊದಿಕೆಯ ಅಂಟು ಏನಿದ್ದರೂ ಪೂರ್ತಿ ಕೆರೆದು ಬರೀ ಮರ ಕಾಣಿಸಬೇಕು. ಮತ್ತೆ, ಬಿಸಿಗೆ ಕರಗುವ ಅಂಟು ಬಿಸಿಲಲ್ಲೂ ಮೆತ್ತಗಾಗುತ್ತದೆ. ಮುಚ್ಚಿದ ಗಾಡಿಯೊಳಗೆ ಮಧ್ಯಾಹ್ನವೆಲ್ಲ ಡ್ರಮ್ ಬಿಟ್ಟುಹೋಗುವ ಅಭ್ಯಾಸವಿದ್ದವರು ಇದನ್ನು ಯೋಚಿಸಿಕೊಳ್ಳಲಿ.

ಚರ್ಮ, ಮೂಳೆ ಕುದಿಸಿ ತೆಗೆದ ಬಿಸಿ ಅಂಟು ಹಳೆಯ ಪೀಠೋಪಕರಣದವರ ದಾರಿ. ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕಾಯಿಸಿ, ಹಚ್ಚಿ, ಅಗಲ ಬಾಯಿಯ ವೆನೀರ್ ಸುತ್ತಿಗೆಯಿಂದ ಹೆಚ್ಚಿನ ಅಂಟನ್ನು ಹೊರಗೆ ತೀಡುವುದು. ಸುತ್ತಿಗೆ ಎಂದರೂ ಹೊಡೆಯುವುದಲ್ಲ, ತಳ್ಳುವುದು. ಬರೀ ಮರದ ಹಾಳೆಗೆ ಇದರಷ್ಟು ಹೊಂದುವ ಅಂಟು ಕೈಗೆಲಸದಲ್ಲಿ ಬೇರೊಂದಿಲ್ಲ. ತಿನ್ನರ್‌ಗೆ ಜಗ್ಗುವುದಿಲ್ಲ, ಬೇಕೆಂದಾಗ ಬಿಸಿನೀರಿಗೆ ಬಿಡುತ್ತದೆ. ಆದರೆ ಒಂದು ಶೆಲ್ಲಿಗೋಸ್ಕರ ಕಲಿಯುವ ವಿದ್ಯೆಯಲ್ಲ.

ಎಪಾಕ್ಸಿಯೂ ಯೂರಿಯಾ ರೆಸಿನ್ ಅಂಟೂ ಕಲ್ಲಿನಂತೆ ಗಟ್ಟಿಯಾಗಿ ಹಿಡಿಯುತ್ತವೆ, ಜಾರುವ ಮಾತೇ ಇಲ್ಲ. ಗಂಟುಮರದ ಹಠಮಾರಿ ಹಾಳೆಗೆ ಅವೇ ಸರಿ. ಹಾಳೆಯನ್ನು ಗಂಟೆಗಟ್ಟಲೆ ಒಂದೇ ಸಮ ಒತ್ತಿಹಿಡಿಯುವುದೇ ಸಮಸ್ಯೆ. ವ್ಯಾಕ್ಯೂಮ್ ಚೀಲ ಇದ್ದರೆ ಶೆಲ್ಲನ್ನು ಪೂರ್ತಿ ಒಳಗೆ ಹಾಕಿ, ಚೀಲ ಶೆಲ್ಲಿನ ಒಳಮೈಗೂ ಹೀರಿಕೊಳ್ಳುವಂತೆ ಬಿಡಬೇಕು. ಆಗ ಒಳಗೂ ಹೊರಗೂ ಒತ್ತಡ ಸಮ. ಇಲ್ಲದವರಿಗೆ ಹಳೆಯ ಸೈಕಲ್ ಟ್ಯೂಬ್! ಉದ್ದಕ್ಕೆ ಸೀಳಿ, ಹಾಳೆಯ ಮೇಲೆ ಮೇಣದ ಕಾಗದ ಹೊದಿಸಿ, ಎಳೆದು ಎಳೆದು ಒಂದರ ಮೇಲೊಂದು ಸುತ್ತು ಬರುವಂತೆ ಕಟ್ಟುತ್ತಾ ಹೋದರೆ ಸುತ್ತು ಹೆಚ್ಚಿದಂತೆ ಬಿಗಿಯೂ ಏರುತ್ತದೆ. ಸ್ನೇರ್‌ಗೆ ಒಬ್ಬರೇ ಕಟ್ಟಬಹುದು. ಬಾಸ್ ಡ್ರಮ್ಮಿಗೆ ಮೂವರು ಬೇಕು, ಮೂವರೂ ಒಂದೇ ಮಾತಿಗೆ ಬರಬೇಕು.

ಬಾಸ್ ಡ್ರಮ್ಮಿಗೆ ನಾನು ರಬ್ಬರ್ ಅಂಟಿಗೆ ವಾಪಸ್ ಹೋಗುತ್ತೇನೆ, ಆದರೆ ಕಾಗದದ ಬೆನ್ನು ಮತ್ತು ಸುತ್ತೆಳೆಯೊಂದಿಗೆ ಮಾತ್ರ. ಅಷ್ಟು ಅಗಲವನ್ನು ಇಸ್ತ್ರಿ ಮಾಡುತ್ತಾ ಹೋದರೆ ಕೊನೆ ಮುಟ್ಟುವಷ್ಟರಲ್ಲಿ ಮೊದಲು ಕೂರಿಸಿದ ಕಡೆ ಏನಾಗಿದೆಯೋ ಎಂಬ ಅನುಮಾನ ಶುರುವಾಗಿರುತ್ತದೆ.

ಜೋಡಣೆಯ ಗೆರೆ

ಅಂಟು ಯಾವುದಾದರೂ ಗೆರೆ ಹಾಕುವ ಕ್ರಮ ಒಂದೇ. ಒಂದು ತುದಿ ಇನ್ನೊಂದರ ಮೇಲೆ 25 ಮಿಮೀ ಬರುವಂತೆ ಬಿಡಿ. ಜೋಡಣೆಯ ಎರಡೂ ಪಕ್ಕ ನಾಲ್ಕು ಬೆರಳಷ್ಟು ಅಂಟಿಸದೆ ಉಳಿಸಿ; ರಬ್ಬರ್ ಅಂಟಾದರೆ ಅಲ್ಲಿ ಮೇಣದ ಕಾಗದ ಸಿಕ್ಕಿಸಿಡಿ. ಉಕ್ಕಿನ ಅಳತೆಪಟ್ಟಿಯನ್ನು ಶೆಲ್ಲಿಗೆ ನೆಟ್ಟಗೆ ಹಿಡಿದು, ಹೊಸ ಬ್ಲೇಡಿನಿಂದ ಎರಡೂ ಪದರಗಳನ್ನು ಒಟ್ಟಿಗೆ ಕತ್ತರಿಸಿ. ಮೊದಲ ಎಳೆತ ಬರೀ ಗೀಚು, ಎರಡನೆಯದು ಸ್ವಲ್ಪ ಆಳ, ಮೂರು ನಾಲ್ಕಕ್ಕೆ ಬ್ಲೇಡ್ ಕೆಳಗಿನ ಶೆಲ್ಲನ್ನು ಮುಟ್ಟಿದ್ದು ಕೈಗೇ ಗೊತ್ತಾಗುತ್ತದೆ. ಮೇಲಿನ ಚೂರು ತಾನಾಗಿ ಬೀಳುತ್ತದೆ; ತುದಿ ಎತ್ತಿ ಕೆಳಗಿನ ಚೂರನ್ನೂ ತೆಗೆದರೆ ಎರಡು ಅಂಚುಗಳು ಒಂದಕ್ಕೊಂದು ಹುಟ್ಟಿದಂತೆ ಕೂಡುತ್ತವೆ. ಸುತ್ತೆಳೆಯಲ್ಲಿ ಅಡ್ಡ ಕತ್ತರಿಸುವಾಗ ಎಳೆ ಚೂರಾಗದಂತೆ ಗೆರೆಯ ಮೇಲೆ ಟೇಪ್ ಹಾಕಿಕೊಳ್ಳಿ. ನೆಟ್ಟೆಳೆಯಲ್ಲಿ ಬ್ಲೇಡ್ ಎಳೆಯ ಬೆನ್ನುಹತ್ತಿ ಓಡಲು ನೋಡುತ್ತದೆ, ಅಳತೆಪಟ್ಟಿ ಬಿಗಿಯಾಗಿರಲಿ. ಇಸ್ತ್ರಿ ವಿಧಾನದಲ್ಲಿ ಉಳಿದ ಭಾಗವನ್ನೆಲ್ಲ ಮೊದಲು ಕೂರಿಸಿ, ತಣಿದ ಮೇಲೆಯೇ ಈ ಕೆಲಸಕ್ಕೆ ಬನ್ನಿ, ಕುಗ್ಗುವಷ್ಟು ಆಗಲೇ ಕುಗ್ಗಿರುತ್ತದೆ.

ಅಂಚು, ಪಾಲಿಶ್, ತೂತು

ಮೇಲೆ ಕೆಳಗೆ ಉಳಿದ ಹಾಳೆಯನ್ನು ಬ್ಲೇಡಿನಿಂದ ಒರಟಾಗಿ ಕತ್ತರಿಸಿ, ಮಿಕ್ಕದ್ದನ್ನು ಮರದ ತುಂಡಿಗೆ ಸುತ್ತಿದ ಉಪ್ಪುಕಾಗದದಿಂದ ಉಜ್ಜಬೇಕು. ಉಜ್ಜುವುದು ಯಾವಾಗಲೂ ಹೊರಗಿಂದ ಶೆಲ್ಲಿನ ಕಡೆಗೆ. ಎದುರು ದಿಕ್ಕಿನಲ್ಲಿ ಎಳೆದರೆ ಹಾಳೆ ಚಕ್ಕೆ ಏಳುತ್ತದೆ. ವೆನೀರ್‌ನ ತುದಿ ಹೆಡ್ ಕೂರುವ ಅಂಚಾದ ಬೇರಿಂಗ್ ಎಡ್ಜ್‌ನ ಹೊರ ಇಳಿಜಾರಿನ ಜೊತೆ ನಯವಾಗಿ ಕೂಡಿಕೊಂಡಿರಬೇಕು. ಅಲ್ಲಿ ಒಂದು ಚೂರು ಎದ್ದಿದ್ದರೂ ಹೆಡ್ ಹಾಕಿ ತೆಗೆದಾಗಲೆಲ್ಲ ಇನ್ನಷ್ಟು ಕಿತ್ತು ಬರುತ್ತದೆ.

ಪಾಲಿಶ್ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ರಬ್ಬರ್ ಅಂಟಿನ ಮೇಲೆ ಲ್ಯಾಕರ್ ಬೇಕೇಬೇಕೆಂದರೆ ಕಾಗದದ ಬೆನ್ನಿರಲಿ, ಮಂಜಿನಂತೆ ತೆಳು ತೆಳು ಕೋಟ್‌ಗಳಿರಲಿ, ಒಂದೇ ಸಲ ತೋಯಿಸಬೇಡಿ. ಪಿವಿಎ ಮೇಲೆ ನೀರು ಆಧಾರಿತ ಪಾಲಿಶ್ ಹಚ್ಚುವಾಗಲೂ ಇದೇ ಮಾತು. ಬಟ್ಟೆಯಿಂದ ಒರೆಸಿ ಹಚ್ಚುವ ಪಾಲಿಯುರೆಥೇನ್ ಅಥವಾ ಎಣ್ಣೆ ಎಲ್ಲಕ್ಕೂ ನಡೆಯುತ್ತದೆ. ಅದಕ್ಕೂ ಮುಂಚೆ 220ರಲ್ಲಿ ಎಳೆಯ ದಿಕ್ಕಿಗೆ ಕೈಯಲ್ಲೇ ಸವರಿದರೆ ಸಾಕು, ಮೆಷಿನ್ ಬೇಡ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಎಸೆಯಬೇಡಿ, ಹರಡಿ ಒಣಗಿಸಿ; ಕೆಲವು ಎಣ್ಣೆಗಳಿಗೆ ಮುದ್ದೆಯೊಳಗೇ ಬಿಸಿಯಾಗಿ ಹೊತ್ತಿಕೊಳ್ಳುವ ಗುಣವಿದೆ.

ಲಗ್‌ಗಳ ತೂತುಗಳನ್ನು ಪಾಲಿಶ್‌ಗೆ ಮುಂಚೆ ಬಿಡಿಸಬೇಕೋ ನಂತರವೋ ಎಂಬ ಜಗಳ ಇದ್ದದ್ದೇ. ನಾನು ನಂತರ ಬಿಡಿಸುತ್ತೇನೆ, ಪಾಲಿಶ್ ಕುಡಿದ ಹಾಳೆ ಚಕ್ಕೆ ಏಳುವುದು ಕಡಿಮೆ. ಒಳಗಿನಿಂದ ಹಳೆಯ ತೂತಿನ ನಟ್ಟನಡುವೆ ಸೂಜಿಯಷ್ಟು ಚುಚ್ಚಿ ಗುರುತು ಮಾಡಿಕೊಂಡು, ಡ್ರಿಲ್ ಅನ್ನು ಹೊರಗಿನಿಂದ ಒಳಕ್ಕೆ ಬಿಡುವುದು. ಒಳಗಿನಿಂದಲೇ ಡ್ರಿಲ್ ಬಿಟ್ಟರೆ ಬಿಟ್ ಹೊರಬರುವಾಗ ರೂಪಾಯಿಯಷ್ಟಗಲ ಹಾಳೆಯನ್ನು ಹೊತ್ತುಕೊಂಡೇ ಬರುತ್ತದೆ. ಗಾಳಿ ಹೋಗುವ ತೂತಿಗೆ ಡ್ರಿಲ್ ಕೂಡ ಬೇಡ, ಒಂದು ದುಂಡು ಅರ ಹಾಕಿ ಹೊರಗಿನಿಂದ ಒಳಕ್ಕೆ ತಿರುಗಿಸುತ್ತಾ ತಳ್ಳಿದರೆ ಆಯಿತು.